ಮಗನ ಟೀಚರ್‌ಗೆ ಥ್ಯಾಂಕ್ಸ್

ಹೆಸರು ಬೇಡ ಅಂದಿದ್ದೀರಿ ಮೇಡಂ, ಬರೆಯುವುದಿಲ್ಲ. ಆದರೆ ಥ್ಯಾಂಕ್ಸ್ ಹೇಳದೆ ಇರಲು ಆಗುತ್ತಿಲ್ಲ.

ನನ್ನ ಮಗನಿಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲಿಸಲು ಕಷ್ಟವಾಗುವ ಸಮಸ್ಯೆ, ಇದೆ. ಟ್ಯಾಬ್ ಕೊಟ್ಟರೆ ಗಮನ ಇನ್ನೂ ಚದುರುತ್ತದೆ ಅಂತ ಎಲ್ಲರೂ ಹೆದರಿಸುತ್ತಿದ್ದರು. ಸುಮ್ನೆ ಕೈಗೆ ಕೊಟ್ಟರೆ ಆಗುವುದೂ ಅದೇ. ನೀವು ಹಾಗೆ ಕೊಡಲಿಲ್ಲ. ಮೊದಲು ನೋಟಿಫಿಕೇಶನ್‌ಗಳನ್ನೆಲ್ಲ ನಿಲ್ಲಿಸಿದಿರಿ. ಐಪ್ಯಾಡ್‌ನಲ್ಲಿ 'ಗೈಡೆಡ್ ಆಕ್ಸೆಸ್' ಹಾಕಿ, ಒಂದೇ ಆ್ಯಪ್ ತೆರೆದಿರುವಂತೆ ಮಾಡಿದಿರಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಆ ಟೈಮರ್. ಕೆಂಪು ಭಾಗ ನಿಧಾನವಾಗಿ ಕಡಿಮೆಯಾಗುತ್ತಾ, ಎಷ್ಟು ಹೊತ್ತು ಉಳಿದಿದೆ ಅಂತ ಕಣ್ಣಿಗೇ ತೋರಿಸುತ್ತದೆ. ಇಂಥ ಎಷ್ಟೋ ಮಕ್ಕಳಿಗೆ ಹೊತ್ತು ಸರಿಯುವುದೇ ಗೊತ್ತಾಗುವುದಿಲ್ಲ, ಅಲ್ವಾ? '10 ನಿಮಿಷ ಇದೆ' ಅಂತ ಬಾಯಲ್ಲಿ ಹೇಳಿದರೆ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ಈಗ ತಾನೇ ನೋಡಿ ಪೆನ್ಸಿಲ್ ಎತ್ತಿಕೊಳ್ಳುತ್ತಾನೆ.

ಉದ್ದದ ಲೆಕ್ಕದ ಹಾಳೆಯನ್ನು ಒಂದೊಂದೇ ಪ್ರಶ್ನೆಯಾಗಿ ಪರದೆಗೆ ತಂದಿರಿ. ಸೂಚನೆಗಳನ್ನು ರೆಕಾರ್ಡ್ ಮಾಡಿ ಇಟ್ಟಿರಿ. ನಾಲ್ಕು ಮಾತು ಒಟ್ಟಿಗೆ ನೆನಪಿಟ್ಟುಕೊಳ್ಳುವುದು ಅವನಿಗೆ ನಿಜಕ್ಕೂ ಕಷ್ಟ. ಈಗ ಮರೆತರೆ ಮತ್ತೆ ಕೇಳಿಸಿಕೊಳ್ಳುತ್ತಾನೆ, ಬೈಸಿಕೊಳ್ಳುವ ಭಯವಿಲ್ಲ. ಪಾಠವನ್ನು ಗಟ್ಟಿಯಾಗಿ ಓದಿ ಹೇಳುವ ಆ್ಯಪ್ ಮಾತ್ರ ಅವನಿಗೆ ಒಗ್ಗಲಿಲ್ಲ. ನೀವು ಒತ್ತಾಯ ಮಾಡಲಿಲ್ಲ.

ಟೈಮರನ್ನು ಇಡೀ ತರಗತಿಗೆ ಕಾಣುವ ಹಾಗೆ ಇಟ್ಟಿರಲ್ಲ, ಅದನ್ನಂತೂ ಮರೆಯಲಾರೆ. ಇವನೊಬ್ಬನೇ ಬೇರೆ ಅಂತ ಯಾರಿಗೂ ಅನ್ನಿಸಲಿಲ್ಲ. ಮನೆಗೂ ಅಂಥದ್ದೇ ಒಂದು ತಂದಿದ್ದೇವೆ. ಅವನ ತಂಗಿಯೂ ಬಳಸುತ್ತಾಳೆ.