ಶಿರಸಿಯಿಂದ ತದಡಿವರೆಗೆ ಒಂದೇ ನಕ್ಷೆ ಬೇಕು

ಮಾನ್ಯ ಸಂಪಾದಕರೇ,

ಶಿರಸಿ ಕಡೆಯ ಘಟ್ಟದಲ್ಲಿ ಹುಟ್ಟಿ ತದಡಿಯ ಬಳಿ ಕಡಲು ಸೇರುವ ನಮ್ಮ ಅಘನಾಶಿನಿ ನದಿಯ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ್ದು 2024ರ ಜನವರಿಯಲ್ಲಿ ಪ್ರಕಟವಾಯಿತು. ಒಟ್ಟು 4,801 ಹೆಕ್ಟೇರ್. ಖುಷಿಯ ವಿಷಯವೇ. ಆದರೆ ಆ ಗೆರೆ ಅಳಿವೆಗಷ್ಟೇ ಸುತ್ತು ಹಾಕಿ ನಿಂತಿದೆ. ಅಳಿವೆ ಬದುಕಿರುವುದು ಗೆರೆಯಾಚೆಯ ಘಟ್ಟದ ಕಾಡಿನಿಂದ ಮತ್ತು ಕಡಲಿನಿಂದ ಅಲ್ವಾ?

ಸಿಗಡಿಯನ್ನೇ ನೋಡಿ. ಅದು ಮೊಟ್ಟೆ ಇಡುವುದು ಸಮುದ್ರದಲ್ಲಿ. ತೀರಾ ಸಣ್ಣ ಮರಿಗಳು ಉಬ್ಬರದ ನೀರಿನ ಜೊತೆ ಒಳಗೆ ಬಂದು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನ ಸಂದಿಯಲ್ಲಿ, ಅಳಿವೆ ದಡದ ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಬೆಳೆದು, ಮತ್ತೆ ಕಡಲಿಗೆ ಹೋಗುತ್ತವೆ. ಕೆಸರಿನ ಏಡಿಯದೂ ಹೀಗೆಯೇ. ಬೆಳೆಯುವುದು ಇಲ್ಲಿ, ಮೊಟ್ಟೆಗೆ ಹೋಗುವುದು ಕಡಲಿಗೆ. ಮಧ್ಯದ ದಾರಿ ಮುಚ್ಚಿದರೆ ಪೆಟ್ಟು ಬೀಳುವುದು ಹೊರಗಿನ ದೋಣಿಯ ಬಲೆಗೂ.

ಹಳಬರಿಗೆ ಇದು ಗೊತ್ತಿತ್ತು. ಮಾಣಿಕಟ್ಟಾ ಕಡೆ ಮಳೆಗಾಲದಲ್ಲಿ ಗಜನಿಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಒಡ್ಡಿನಲ್ಲಿ ಹಲಗೆ ಬಾಗಿಲು, ಉಬ್ಬರ-ಇಳಿತ ನೋಡಿ ತೆಗೆದು ಹಾಕುತ್ತಿದ್ದರು. ಈಗ ನಮ್ಮ ಕಡೆಯ ಒಂದು ರಸ್ತೆಯ ಕೆಳಗೆ ಸಿಮೆಂಟ್ ಪೈಪು ಕೂರಿಸಿದ್ದಾರೆ. ಅದರ ಬಾಯಿ ಹಳ್ಳದ ತಳಕ್ಕಿಂತ ಒಂದು ಮೊಳ ಮೇಲಿದೆ. ಇಳಿತವಾದಾಗ ಒಳಗಿನ ನೀರು ಪೂರ್ತಿ ಹೊರಗೆ ಹೋಗುವುದಿಲ್ಲ, ಮೀನುಮರಿ ಅಲ್ಲೇ ಸಿಕ್ಕಿಬೀಳುತ್ತವೆ, ಕೊಕ್ಕರೆಗೆ ಮಾತ್ರ ಹಬ್ಬ. ಪೈಪು ಕೂರಿಸಿದವರಿಗೆ ಅದು ಬರೀ ಚರಂಡಿ.

ಪಕ್ಕದ ಹೊನ್ನಾವರಕ್ಕೆ ಹೋದರೆ ಇನ್ನೂ ದೊಡ್ಡ ಪಾಠವಿದೆ. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪದಲ್ಲಿ ಅಣೆಕಟ್ಟುಗಳಿವೆ. ವಿದ್ಯುತ್ ತಯಾರಾದ ಮೇಲೆ ಸಿಹಿನೀರು ಬೇಸಿಗೆಯಲ್ಲೂ ಅಳಿವೆಗೆ ಬರುತ್ತಲೇ ಇರುತ್ತದೆ. ನೀರಿನ ಉಪ್ಪು ಕಡಿಮೆಯಾಗಿ ಅಲ್ಲಿ ಬಳಚು ಎಂಬ ಚಿಪ್ಪುಜೀವಿಯ ಸಂಪತ್ತು ಕುಗ್ಗಿದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು ಎಂಬ ಲಯ ಇಲ್ಲಿ ಉಳಿದಿದೆ. ಇಳಿತದ ಹೊತ್ತಿಗೆ ದಿಬ್ಬದ ಮೇಲೆ ಬುಟ್ಟಿ ಹಿಡಿದು ಬಳಚು ಹೆಕ್ಕುವ ಹೆಂಗಸರ ಸಂಪಾದನೆ ನಿಂತಿರುವುದು ಇದೇ ಲಯದ ಮೇಲೆ.

ಸರ್ಕಾರದ ಕಡತದಲ್ಲಿ ಮಾತ್ರ ಎಲ್ಲವೂ ತುಂಡು ತುಂಡು. ಘಟ್ಟದಲ್ಲಿ ಉಂಚಳ್ಳಿ ಜಲಪಾತದ ಸುತ್ತಲಿನ ಕಾಡು 2011ರಿಂದ ಸಿಂಗಳೀಕದ ಸಂರಕ್ಷಿತ ಪ್ರದೇಶ, ಅದು ಅರಣ್ಯ ಇಲಾಖೆಗೆ. ಮೀನು ಮೀನುಗಾರಿಕೆ ಇಲಾಖೆಗೆ. ಒಡ್ಡು ನೀರಾವರಿಯವರಿಗೆ. ದಡ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಿಯಮಕ್ಕೆ. ಸಿಂಗಳೀಕಕ್ಕೂ ಬಳಚಿಗೂ ಏನು ಸಂಬಂಧ ಎಂದು ನಗಬಹುದು. ಸಿಂಗಳೀಕದ ಆ ಕಾಡಿನಲ್ಲಿರುವ ರಾಮಪತ್ರೆ ಜಡ್ಡಿಗಳು, ಅಂದರೆ ರಾಮಪತ್ರೆ ಮರಗಳ ಜೌಗು ಕಾಡುಗಳು, ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ, ಕೆಳಗಿನ ಹೊಳೆಗೆ ಅದೂ ಆಸರೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೂ ಹೀಗೆ ಬೇರೆ ಬೇರೆಯಾದರೆ ಅಡ್ಡ ಬೀಳುತ್ತದೆ. ಬಳಚಿನ ದಿಬ್ಬದ ಮೇಲೆಲ್ಲ ಕಾಂಡ್ಲಾ ನೆಟ್ಟರೆ ಸಸಿಗಳ ಲೆಕ್ಕ ಜಾಸ್ತಿಯಾಗಬಹುದು, ಆದರೆ ಬಳಚಿಗೆ ಜಾಗ ಎಲ್ಲಿ?

ರಾಮ್ಸರ್ ಹೆಸರಿನಲ್ಲಿ ನಿರ್ವಹಣಾ ಯೋಜನೆ ಮಾಡುವಾಗ ಘಟ್ಟದ ಜಡ್ಡಿಯಿಂದ ಹಿಡಿದು ಅಳಿವೆಯ ಬಾಯಿಯಾಚೆ ಸಿಗಡಿ ಮೊಟ್ಟೆ ಇಡುವ ನೀರಿನವರೆಗೆ ಒಂದೇ ನಕ್ಷೆ ಬರೆಯಲಿ. ಅದರಲ್ಲಿ ಪ್ರತಿ ಮೋರಿ, ಪ್ರತಿ ಒಡ್ಡಿನ ಬಾಗಿಲು ಗುರುತಾಗಲಿ. ಯಾವುದು ಮೀನಿಗೆ ತೆರೆದಿದೆ, ಯಾವುದು ಮುಚ್ಚಿದೆ ಎಂದು ಬಳಚು ಹೆಕ್ಕುವವರನ್ನೂ ಗಜನಿ ರೈತರನ್ನೂ ಕೂರಿಸಿಕೊಂಡು ಕೇಳಲಿ. ಅಘನಾಶಿನಿಯ ನೀರನ್ನು ಬಯಲುಸೀಮೆಯ ವೇದಾವತಿ ನದಿಗೆ ಒಯ್ಯುವ ಅಘನಾಶಿನಿ–ವೇದಾವತಿ ಜೋಡಣೆಯ ಪ್ರಸ್ತಾವವನ್ನೂ ಅದೇ ನಕ್ಷೆಯ ಮೇಲಿಟ್ಟು, ನೀರು ತಿರುಗಿಸಿದರೆ ಮಾಣಿಕಟ್ಟಾದ ಗದ್ದೆಯಲ್ಲಿ ಉಪ್ಪು ಎಷ್ಟು ಏರುತ್ತದೆ ಎಂಬ ಲೆಕ್ಕವನ್ನು ಮೊದಲು ಜನರಿಗೆ ಕೊಡಲಿ.

— ಓದುಗ, ಕುಮಟಾ