ಅಪ್ಪಾ, ಆ ಕೋಡ್ ಅಂಟಿಸಲು ಬಿಡಿ

ಮಾಟುಂಗ, ಮುಂಬೈ
12 ಅಕ್ಟೋಬರ್ 2025, ಭಾನುವಾರ ರಾತ್ರಿ

ಪ್ರೀತಿಯ ಅಪ್ಪ, ಅಮ್ಮನಿಗೆ,

ನಿಮ್ಮ ಮಗ ಮಾಡುವ ನಮಸ್ಕಾರಗಳು. ಅಜ್ಜಿಯ ಮಂಡಿನೋವು ಹೇಗಿದೆ? ಇಲ್ಲಿ ಮಳೆ ನಿಂತು ಸೆಕೆ ಶುರುವಾಗಿದೆ. ನಾನು ಆರಾಮಾಗಿದ್ದೇನೆ.

ಅಮ್ಮಾ, ಫೋನ್ ಇರುವಾಗ ಕಾಗದ ಯಾಕೆ ಬಂತು ಅಂತ ಗಾಬರಿ ಆಗಬೇಡ. ಮೊನ್ನೆ ತಂಗಿ ಫೋನ್ ಮಾಡಿದ್ದಳು. ಅವಳು ಅಂಗಡಿಗೆ ತರಿಸಿದ ಕ್ಯೂಆರ್ ಕೋಡನ್ನು ಅಪ್ಪ ಕಿತ್ತು ಡ್ರಾಯರ್ ಒಳಗೆ ಹಾಕಿದ್ದಾರಂತೆ. ಬಸ್ಸಿಗೆ ಕಾಯುವ ಕಾಲೇಜು ಮಕ್ಕಳು ಈಗ ಎದುರಿನ ಅಂಗಡಿಗೆ ಹೋಗುತ್ತಿದ್ದಾರಂತೆ. ಹೇಳುವಾಗ ಅವಳ ದನಿ ನಡುಗುತ್ತಿತ್ತು. ಇದು ಫೋನಿನಲ್ಲಿ ಎರಡು ನಿಮಿಷ ಮಾತಾಡಿ ಮುಗಿಸುವ ವಿಷಯ ಅಲ್ಲ ಅನಿಸಿತು. ಅಪ್ಪಾ, ನೀವು ಅಲ್ಲಿ ಗಲ್ಲಾ ನೋಡುತ್ತೀರಿ, ನಾನು ಇಲ್ಲಿ ಹದಿಮೂರು ವರ್ಷದಿಂದ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದೇನೆ. ನಾನು ಕಂಡಿದ್ದನ್ನು ಬರೆಯುತ್ತೇನೆ. ಪೂರ್ತಿ ಓದಿ. ಆಮೇಲೆ ನೀವು ಹೇಳಿದ ಹಾಗೆ ಆಗಲಿ.

ಮೊದಲು ನಿಮ್ಮ ಹೆದರಿಕೆಯ ಮಾತು. ಜುಲೈಯಲ್ಲಿ ಪೇಪರಿನಲ್ಲಿ ಬಂದ ಸುದ್ದಿಯನ್ನು ನೀವು ಕತ್ತರಿಸಿ ಇಟ್ಟಿದ್ದೀರಿ ಅಂತ ತಂಗಿ ಹೇಳಿದಳು. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ನೋಟಿಸ್ ಕಳಿಸಿತ್ತು. ಎಷ್ಟೋ ಜನ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದರು. ಆ ಗಲಾಟೆ ನಿಜ. ಆದರೆ ಸಾಮಾನು ಮಾರುವ ಅಂಗಡಿಯವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾದದ್ದು ವರ್ಷದ ವ್ಯಾಪಾರ 40 ಲಕ್ಷ ದಾಟಿದರೆ. ನಮ್ಮ ಅಂಗಡಿಯಲ್ಲಿ ದಿನಕ್ಕೆ 3,000 ರೂಪಾಯಿ ವ್ಯಾಪಾರ ಅಂತ ಹಿಡಿಯಿರಿ. 365 ದಿನ ಬಾಗಿಲು ತೆರೆದರೂ 11 ಲಕ್ಷ ಮುಟ್ಟುವುದಿಲ್ಲ. ಇನ್ನೊಂದು ವಿಷಯ. ಆ 40 ಲಕ್ಷ ಅನ್ನುವುದು ಒಟ್ಟು ವ್ಯಾಪಾರದ ಲೆಕ್ಕ, ಅದರಲ್ಲಿ ಕ್ಯಾಶ್ ಕೂಡ ಸೇರಿದೆ. ಕೋಡ್ ಕಿತ್ತರೆ ಮಿತಿ ಬದಲಾಗುವುದಿಲ್ಲ. ಒಂದು ಎಚ್ಚರಿಕೆ ಸಾಕು. ಅಂಗಡಿಗೆ ಬೇರೆ ಖಾತೆ ಇರಲಿ. ನಾನು ಕಳಿಸುವ ದುಡ್ಡು, ಹಾಲಿನ ಡೈರಿಯ ದುಡ್ಡು ಅದಕ್ಕೆ ಬರುವುದು ಬೇಡ. ಆಗ ಯಾರು ಕೇಳಿದರೂ ಲೆಕ್ಕ ತೋರಿಸಬಹುದು.

ನನಗೂ ಒಂದು ಕಾಲದಲ್ಲಿ ಹೆದರಿಕೆ ಇತ್ತು. 2009ರಲ್ಲಿ ಇಲ್ಲಿಗೆ ಬಂದಾಗ ನನಗೆ ಬ್ಯಾಂಕ್ ಖಾತೆಯೇ ಇರಲಿಲ್ಲ. ಮಲಗುವುದು ಹೋಟೆಲಿನ ಅಟ್ಟದಲ್ಲಿ. ವಿಳಾಸದ ದಾಖಲೆ ಎಲ್ಲಿಂದ ತರಲಿ? ಸಂಬಳ ಕೈಗೆ ಬಂದ ದಿನ ಊರಿಗೆ ಹೊರಟವರು ಯಾರಿದ್ದಾರೆ ಅಂತ ಹುಡುಕುತ್ತಿದ್ದೆ. ಲಕೋಟೆಯಲ್ಲಿ ದುಡ್ಡು ಹಾಕಿ, ಅಂಟು ಹಚ್ಚಿ, ಮೇಲೆ ನಿಮ್ಮ ಹೆಸರು ಬರೆದು ಕೊಡುತ್ತಿದ್ದೆ. ಅದು ಮುಟ್ಟಿತು ಅಂತ ಗೊತ್ತಾಗುವವರೆಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. ಯಾರೂ ಸಿಗದ ತಿಂಗಳು ಮನಿಯಾರ್ಡರ್. ಆ ಫಾರಂ ಕೆಳಗೆ ನಾಲ್ಕು ಸಾಲು ಬರೆಯಲು ಜಾಗ ಇರುತ್ತಿತ್ತಲ್ಲ, ಅಮ್ಮಾ, ಆ ಚೀಟಿಗಳನ್ನೆಲ್ಲ ನೀನು ಪಂಚಾಂಗದ ನಡುವೆ ಇಟ್ಟಿದ್ದೆ. ಈಗ ಒಂದನೇ ತಾರೀಕು ಬೆಳಿಗ್ಗೆ ಕಾಫಿ ಕುಡಿಯುವಷ್ಟರಲ್ಲಿ ದುಡ್ಡು ನಿಮ್ಮ ಖಾತೆಗೆ ಬಂದಿರುತ್ತದೆ. ಅದು ದೊಡ್ಡ ನೆಮ್ಮದಿ. ಆದರೆ ಆ ನಾಲ್ಕು ಸಾಲು ಬರೆಯುವುದು ನಿಂತೇ ಹೋಯಿತು, ಅಲ್ವಾ? ಈ ಕಾಗದ ಉದ್ದ ಆಗುತ್ತಿರುವುದಕ್ಕೆ ಅದೂ ಒಂದು ಕಾರಣ.

ಯುಪಿಐ ಶುರುವಾದದ್ದು ಇದೇ ಮುಂಬೈಯಲ್ಲಿ, 2016ರ ಏಪ್ರಿಲ್‌ನಲ್ಲಿ. ಆಗ ನಮ್ಮ ಗಲ್ಲಾದಲ್ಲಿ ಅದರ ಹೆಸರು ಕೇಳಿದವರು ಯಾರೂ ಇರಲಿಲ್ಲ. ಬದಲಾವಣೆ ಬಂದದ್ದು ಅದೇ ವರ್ಷ ನವೆಂಬರ್ 8ರ ರಾತ್ರಿಯಿಂದ. ಅವತ್ತು ಮಂಗಳವಾರ. ಎಂಟು ಗಂಟೆಗೆ ಪ್ರಧಾನಿ ಟೀವಿಯಲ್ಲಿ 500, 1,000ದ ನೋಟು ರದ್ದು ಅಂದರು. ಎಂಟೂವರೆಗೆ ನಮ್ಮ ಬಾಗಿಲಲ್ಲಿ ಜನ. ಒಂದು ಕಾಫಿ ಕುಡಿದು ಐನೂರರ ನೋಟು ಚಾಚುತ್ತಿದ್ದರು. ಅರ್ಧ ಗಂಟೆಯಲ್ಲಿ ನನ್ನ ಗಲ್ಲಾದ ನೂರರ ನೋಟೆಲ್ಲ ಖಾಲಿ. ದೇಶದಲ್ಲಿ ಓಡಾಡುತ್ತಿದ್ದ ದುಡ್ಡಿನ ಬೆಲೆಯಲ್ಲಿ ನೂರಕ್ಕೆ 86 ಪಾಲು ಆ ಎರಡು ನೋಟುಗಳಲ್ಲೇ ಇತ್ತು. ನಮ್ಮ ಹುಡುಗರ ಉಳಿತಾಯ ಎಲ್ಲಾ ಟ್ರಂಕಿನಲ್ಲಿ, ಅದೂ ಐನೂರರ ನೋಟಿನಲ್ಲಿ. ನಮ್ಮ ಹಿರಿಯ ಸಪ್ಲೈಯರ್ ಮಗಳ ಮದುವೆಗೆ ಕೂಡಿಟ್ಟ ದುಡ್ಡು ಹಿಡಿದುಕೊಂಡು ಎರಡು ದಿನ ಸಾಲಿನಲ್ಲಿ ನಿಂತರು. ಆ ಮುಖ ನಾನು ಮರೆಯುವುದಿಲ್ಲ. ನಿಮಗೆ ಕೈಯಲ್ಲಿರುವ ನೋಟಿನ ಮೇಲೆ ಇರುವಷ್ಟು ನಂಬಿಕೆ ನನಗೆ ಇಲ್ಲದಿರುವುದಕ್ಕೆ ಆ ಎರಡು ದಿನ ಕಾರಣ.

ಆಮೇಲೆ ಕಾರ್ಡಿನ ಮೆಷಿನ್ ಬಂತು. ಅದಕ್ಕೆ ಕಮಿಷನ್ ಕೊಡಬೇಕಾಗಿತ್ತು, ಹಾಗಾಗಿ ಇಡ್ಲಿ ಕಾಫಿಗೆಲ್ಲ ಕಾರ್ಡ್ ತೆಗೆದುಕೊಳ್ಳುತ್ತಿರಲಿಲ್ಲ. ಯುಪಿಐಯಲ್ಲಿ ಬ್ಯಾಂಕ್ ಖಾತೆಯಿಂದ ಬರುವ ದುಡ್ಡಿಗೆ ಅಂಗಡಿಯವರಿಂದ ಕಮಿಷನ್ ಹಿಡಿಯುವಂತಿಲ್ಲ, 2020ರ ಜನವರಿಯಿಂದ ಹಾಗೆ ನಿಯಮ ಆಗಿದೆ. ಅದೇ ವರ್ಷ ಕೊರೊನಾ. ಬರೀ ಪಾರ್ಸೆಲ್ ಇದ್ದ ತಿಂಗಳುಗಳಲ್ಲಿ ಜನ ನೋಟು ಮುಟ್ಟಲು ಹೆದರುತ್ತಿದ್ದರು. ಬಾಗಿಲಿಗೆ ಹಗ್ಗ ಕಟ್ಟಿ ಅದಕ್ಕೆ ಕೋಡ್ ನೇತು ಹಾಕಿದ್ದೆವು. ಅಲ್ಲಿಂದ ಯಾರೂ ಹಿಂದೆ ತಿರುಗಿ ನೋಡಲಿಲ್ಲ. ಇಡೀ ದೇಶದಲ್ಲಿ ಒಂದು ತಿಂಗಳ ಯುಪಿಐ ವ್ಯವಹಾರಗಳ ಸಂಖ್ಯೆ 2023ರ ಆಗಸ್ಟಿನಲ್ಲಿ ಸಾವಿರ ಕೋಟಿ ದಾಟಿತು. ಈ ವರ್ಷದ ಆಗಸ್ಟಿನಲ್ಲಿ ಎರಡು ಸಾವಿರ ಕೋಟಿ. ನಮ್ಮ ಗಲ್ಲಾದಲ್ಲಿ ಈಗ ಮುಕ್ಕಾಲು ಪಾಲು ಫೋನಿನಲ್ಲೇ ಬರುತ್ತದೆ.

ನನಗೆ ಇದರಿಂದ ಆದ ಉಪಕಾರ ಸಣ್ಣದಲ್ಲ. ಮೊದಲು ಬೆಳಿಗ್ಗೆ ಐದಕ್ಕೆ ಎದ್ದು ಚಿಲ್ಲರೆಗೆ ಓಡಬೇಕಿತ್ತು. ಸಾವಿರ ರೂಪಾಯಿ ಕೊಟ್ಟರೆ ಅದಕ್ಕಿಂತ ಕಡಿಮೆ ಚಿಲ್ಲರೆ ಕೈಗೆ ಬರುತ್ತಿತ್ತು, ಉಳಿದದ್ದು ಕೊಟ್ಟವನ ಕಮಿಷನ್. ದಿನವಿಡೀ ಗಿರಾಕಿಗಳ ಹತ್ತಿರ ‘ಛುಟ್ಟಾ ದೋ, ಛುಟ್ಟಾ ದೋ’. ಎರಡು ರೂಪಾಯಿಯ ಬದಲು ಚಾಕ್ಲೇಟ್ ಕೊಡುವಾಗ ನನಗೆ ನಿಜವಾಗಿಯೂ ನಾಚಿಕೆ ಆಗುತ್ತಿತ್ತು. ಅವರ ದುಡ್ಡು ಅದು. ಈಗ 87 ರೂಪಾಯಿ ಬಿಲ್ಲಿಗೆ 87 ರೂಪಾಯಿಯೇ ಬರುತ್ತದೆ.

ಆದರೆ ಆ 87ರಲ್ಲೇ ಒಂದು ನೋವೂ ಇದೆ. ಮೊದಲು ಗಿರಾಕಿ ನೂರರ ನೋಟು ಇಡುತ್ತಿದ್ದರು. ಸಪ್ಲೈಯರ್ ಬಾಕಿ ಹದಿಮೂರು ರೂಪಾಯಿಯನ್ನು ಸೋಂಪಿನ ತಟ್ಟೆಯಲ್ಲಿ ತಂದು ಇಡುತ್ತಿದ್ದ. ಅವರು ಹತ್ತು ಎತ್ತಿಕೊಂಡು ಮೂರು ಬಿಡುತ್ತಿದ್ದರು, ಕೆಲವರು ಹತ್ತನ್ನೇ ಬಿಡುತ್ತಿದ್ದರು. ಇದೇ ಹುಡುಗರ ಸೋಪು, ಎಣ್ಣೆ, ಬಸ್ಸಿನ ಖರ್ಚು. ನಾನು ಸಪ್ಲೈ ಮಾಡುತ್ತಿದ್ದ ಮೂರು ವರ್ಷ ಟಿಪ್ಸಿನಲ್ಲೇ ಬದುಕಿ ಸಂಬಳ ಪೂರ್ತಿ ನಿಮಗೆ ಕಳಿಸುತ್ತಿದ್ದೆ. ಈಗ ಗಿರಾಕಿ ನೇರ ಗಲ್ಲಾಕ್ಕೆ ಬಂದು ಸ್ಕ್ಯಾನ್ ಮಾಡಿ ಹೋಗುತ್ತಾರೆ. ಅವರಲ್ಲಿ ಯಾರೂ ಜಿಪುಣರಲ್ಲ. ಕೈಯಲ್ಲಿ ಚಿಲ್ಲರೆ ಉಳಿಯುವುದೇ ಇಲ್ಲ, ಬಿಡುವುದೇನು? ನಮ್ಮ ಹಿರಿಯ ಸಪ್ಲೈಯರ್ ಮೂವತ್ತು ವರ್ಷದಿಂದ ಇಲ್ಲಿದ್ದಾರೆ. ಒಂದು ಸಂಜೆ ಖಾಲಿ ಸೋಂಪಿನ ತಟ್ಟೆಗಳನ್ನು ಒರೆಸಿ ಒಂದರ ಮೇಲೊಂದು ಜೋಡಿಸುತ್ತಾ, ‘ಇವತ್ತು ಹನ್ನೆರಡು ರೂಪಾಯಿ ಮಾರಾಯ’ ಅಂದರು. ಅಷ್ಟೇ ಅಂದಿದ್ದು. ನನಗೆ ರಾತ್ರಿ ಊಟ ಸೇರಲಿಲ್ಲ.

ಧಣಿಗಳ ಹತ್ತಿರ ಮಾತಾಡಿದೆ. ಅವರು ಒಳ್ಳೆಯವರು, ಒಪ್ಪಿದರು. ಈಗ ಗಲ್ಲಾದ ಪಕ್ಕದಲ್ಲಿ ಹುಡುಗರಿಗಾಗಿ ಬೇರೆ ಕೋಡ್ ಇದೆ. ಶನಿವಾರ ರಾತ್ರಿ ಲೆಕ್ಕ ಮಾಡಿ ಎಲ್ಲರಿಗೂ ಹಂಚುತ್ತೇನೆ, ಪಾತ್ರೆ ತೊಳೆಯುವವರಿಗೂ ಸೇರಿಸಿ. ಹಿಂದಿನಷ್ಟು ಬರುವುದಿಲ್ಲ. ಆದರೂ ಸಂಬಳ ಸ್ವಲ್ಪ ಏರಿದೆ, ನಡೆಯುತ್ತಿದೆ.

ಈಗ ಅಪ್ಪ ಗಮನ ಇಟ್ಟು ಓದಬೇಕಾದ ಸಂಗತಿ. ಈ ವರ್ಷ ಏಪ್ರಿಲ್ 12, ಶನಿವಾರ. ಊಟದ ಹೊತ್ತಿನ ರಶ್ಶಿನಲ್ಲಿ ಫೋನ್ ಪಾವತಿ ನಿಂತುಹೋಯಿತು. ನಮ್ಮಲ್ಲಿ ಮಾತ್ರ ಅಲ್ಲ, ದೇಶದ ತುಂಬಾ. ಮೊದಲು ಒಬ್ಬರು ಫೋನ್ ಅಲ್ಲಾಡಿಸಿದರು, ಆಮೇಲೆ ಇಬ್ಬರು, ಐದೇ ನಿಮಿಷದಲ್ಲಿ ಗಲ್ಲಾದ ಎದುರು ಇಪ್ಪತ್ತು ಜನ. ದೊಡ್ಡ ದೊಡ್ಡ ಆಫೀಸಿನವರು, ಜೇಬಿನಲ್ಲಿ ಐವತ್ತು ರೂಪಾಯಿಯೂ ಇಲ್ಲ. ಅವರ ಹಿಂದಿನಿಂದ ಹೂವಿನ ಗಲ್ಲಿಯಲ್ಲಿ ಮಾಲೆ ಕಟ್ಟುವ ಅಜ್ಜಿ ದಾರಿ ಮಾಡಿಕೊಂಡು ಬಂದರು. ಸೊಂಟದ ಚೀಲದಿಂದ ಮಡಿಚಿದ ಹತ್ತರ ನೋಟು ತೆಗೆದು ಎಣಿಸಿ ಇಟ್ಟು ಹೋದರು. ಅವತ್ತು ಆ ಹೊತ್ತಿನಲ್ಲಿ ಸರಿಯಾಗಿ ದುಡ್ಡು ಕೊಟ್ಟವರು ಅವರೊಬ್ಬರೇ. ಉಳಿದವರ ಹೆಸರು, ನಂಬರು ಬರೆಯಲು ನಾನು ಹಳೆಯ ಉದ್ರಿ ಪುಸ್ತಕ ಹುಡುಕಿ ತೆಗೆದೆ. ಧೂಳು ಹಿಡಿದಿತ್ತು. ಸಂಜೆಯೊಳಗೆ ಹೆಚ್ಚಿನವರು ತಿರುಗಿ ಬಂದು ಕೊಟ್ಟರು. ಆದರೆ ಹತ್ತಿರದಲ್ಲೇ ಇರುವ ಒಂದು ಹೊಸ ಅಂಗಡಿಯಲ್ಲಿ ‘ಕ್ಯಾಶ್ ತೆಗೆದುಕೊಳ್ಳುವುದಿಲ್ಲ’ ಅಂತ ಬರೆದಿದ್ದಾರೆ. ಆ ಅಜ್ಜಿ ಅಲ್ಲಿ ಒಂದು ಚಹಾ ಕೂಡ ಕುಡಿಯುವ ಹಾಗಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ಬಟನ್ ಫೋನಿನಿಂದ ದುಡ್ಡು ಕಳಿಸುವ ವ್ಯವಸ್ಥೆ 2022ರಿಂದ ಇದೆ, ನಿಜ. ನಮ್ಮ ಅಜ್ಜಿಯ ಕೈಯಲ್ಲಿ ಅದು ಆಗುತ್ತದಾ, ಹೇಳಿ?

ಅದಕ್ಕೇ ಅಪ್ಪಾ, ಕೋಡ್ ಅಂಟಿಸಿ, ಡ್ರಾಯರನ್ನೂ ಹಾಗೇ ಇಡಿ. ಯಾರು ಯಾವುದರಲ್ಲಿ ಕೊಟ್ಟರೂ ತೆಗೆದುಕೊಳ್ಳಿ. ಹತ್ತರ ನಾಣ್ಯ ಬೇಡ ಅನ್ನಬೇಡಿ. ಅದರಲ್ಲಿ ಬೇರೆ ಬೇರೆ ಡಿಸೈನ್ ಇವೆ, ಎಲ್ಲವೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕೇ ಹೇಳಿದೆ.

ತಂಗಿಗೆ ಕೆಲವು ಮಾತು. ಗಿರಾಕಿ ತೋರಿಸುವ ಪರದೆ ನೋಡಿ ಸಾಮಾನು ಕೊಡಬೇಡ. ಒಂದು ಭಾನುವಾರದ ರಶ್ಶಿನಲ್ಲಿ ಹಸಿರು ಟಿಕ್ ನೋಡಿ ನಾನು 640 ರೂಪಾಯಿ ಕಳೆದುಕೊಂಡೆ. ಆ ಚಿತ್ರವೇ ಸುಳ್ಳು. ದುಡ್ಡು ಬಂತು ಅಂತ ನಮ್ಮ ಸೌಂಡ್‌ಬಾಕ್ಸ್ ಪೆಟ್ಟಿಗೆ ಕೂಗಬೇಕು ಅಥವಾ ನಿನ್ನ ಫೋನಿನಲ್ಲಿ ಕಾಣಬೇಕು. ಕನ್ನಡದಲ್ಲಿ ಕೂಗುವ ಪೆಟ್ಟಿಗೆಯೂ ಸಿಗುತ್ತದೆ, ಅದನ್ನೇ ತರಿಸು, ಅಪ್ಪನಿಗೆ ಕೇಳಿಸಲಿ. ದುಡ್ಡು ಬರುವುದಕ್ಕೆ ಯಾವತ್ತೂ ಪಿನ್ ಬೇಕಾಗಿಲ್ಲ. ಪಿನ್ ಹಾಕು ಅಂದವನು ಕಳ್ಳ. ಮೋಸ ಆದರೆ ನಾಚಿಕೊಂಡು ಕೂರಬೇಡ, ಕೂಡಲೇ 1930ಕ್ಕೆ ಫೋನ್ ಮಾಡು. ದಿನಾ ಬೆಳಿಗ್ಗೆ ಬಾಗಿಲು ತೆರೆದಾಗ ನಮ್ಮ ಕೋಡಿನ ಮೇಲೆ ಬೇರೆ ಯಾರಾದರೂ ತಮ್ಮದನ್ನು ಅಂಟಿಸಿದ್ದಾರಾ ಅಂತ ಉಗುರಿನಿಂದ ಕೆರೆದು ನೋಡು. ಗಿರಾಕಿಯ ಖಾತೆಯಿಂದ ದುಡ್ಡು ಕಡಿತ ಆಗಿ ನಮಗೆ ಬರದಿದ್ದರೆ ಜಗಳ ಮಾಡಬೇಡ. ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ ಅವರಿಗೆ ವಾಪಸ್ ಹೋಗಬೇಕು, ತಡವಾದರೆ ಬ್ಯಾಂಕು ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ನಮ್ಮೂರಿನವರೇ ತಾನೆ, ಬರೆದುಕೊಂಡು ಕಳಿಸು.

ಮತ್ತೆ ರಾತ್ರಿ ಅಂಗಡಿ ಮುಚ್ಚುವ ಮೊದಲು ಆ ದಿನದ ಲೆಕ್ಕವನ್ನು ಪುಸ್ತಕದಲ್ಲಿ ಬರೆದು ಅಪ್ಪನಿಗೆ ಓದಿ ಹೇಳು. ಅಪ್ಪಾ, ಸಂಜೆ ಸೈಕಲ್ಲಿನಲ್ಲಿ ಬ್ಯಾಂಕಿನ ದಿನದ ಉಳಿತಾಯ ಎತ್ತುವ ಪಿಗ್ಮಿಯವರು ಬರುತ್ತಿದ್ದರಲ್ಲ? ನೀವು ಹತ್ತು ರೂಪಾಯಿ ಕೊಟ್ಟರೆ ಬರೆದು ಸಹಿ ಹಾಕುತ್ತಿದ್ದರು. ಆ ಪಿಗ್ಮಿ ಶುರುವಾದದ್ದು ನಮ್ಮ ಉಡುಪಿಯಲ್ಲೇ, 1928ರಲ್ಲಿ, ದಿನಕ್ಕೆ ಎರಡಾಣೆಯಿಂದ. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕಿನವರು ಮಾಡಿದ್ದು. ನಾನು ಮುಂಬೈಗೆ ಹತ್ತಿದ ಟಿಕೆಟ್ ಅದೇ ಪಿಗ್ಮಿಯ ದುಡ್ಡಿನದು. ದುಡ್ಡು ಕಣ್ಣಿಗೆ ಕಾಣದ ಕಡೆ ಹೋದರೂ ಆ ಪುಸ್ತಕ ನೋಡಿ ನೀವು ನಂಬಿದ್ದಿರಿ. ಈಗ ಆ ಪುಸ್ತಕ ನಿಮ್ಮ ಮಗಳ ಕೈಯಲ್ಲಿ ಇರುತ್ತದೆ.

ದೀಪಾವಳಿಗೆ ಬರಲು ಆಗುವುದಿಲ್ಲ, ಹಬ್ಬಕ್ಕೆ ಇಲ್ಲಿ ರಜೆ ಸಿಗುವುದು ಕಷ್ಟ. ಡಿಸೆಂಬರಿನಲ್ಲಿ ಬರುತ್ತೇನೆ. ನಾಳೆ ನಮ್ಮ ಹೋಟೆಲಿನ ಹುಡುಗ ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೊರಟಿದ್ದಾನೆ, ಕಾಗದ ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಹಬ್ಬದ ಖರ್ಚಿನ ದುಡ್ಡು ಎಂದಿನಂತೆ ಖಾತೆಗೆ ಬರುತ್ತದೆ. ಕಾಗದದ ಜೊತೆ ಇರುವ ಸಣ್ಣ ಲಕೋಟೆ ಅಜ್ಜಿಗೆ. ಗಲ್ಲಾಕ್ಕೆ ಬಂದ ಐವತ್ತರ ಹೊಸ ನೋಟುಗಳನ್ನು ಒಂದೊಂದಾಗಿ ತೆಗೆದಿಟ್ಟು, ನನ್ನ ದುಡ್ಡು ಹಾಕಿ ಬದಲಿಸಿಕೊಂಡೆ. ಹಿಂದೆ ಹಂಪಿಯ ಕಲ್ಲಿನ ರಥ ಇದೆ. ಪಕ್ಕದ ಭಾಷೆಗಳ ಪಟ್ಟಿಯಲ್ಲಿ ನಾಲ್ಕನೇ ಸಾಲು ಕನ್ನಡ. ಮಧ್ಯಾಹ್ನ ಜನ ಇಲ್ಲದ ಹೊತ್ತಿನಲ್ಲಿ ನೋಟು ಜೋಡಿಸುವಾಗ ನಾನು ಆ ಸಾಲನ್ನು ಓದಿಕೊಳ್ಳುತ್ತೇನೆ. ಅಜ್ಜಿಗೂ ಓದಿ ತೋರಿಸಿ. ಒಟ್ಟು ಇಪ್ಪತ್ತು ನೋಟು ಇದೆ, ಎಣಿಸಿ ತೆಗೆದುಕೊಳ್ಳಲಿ.

ನಿಮ್ಮ ಪ್ರೀತಿಯ ಮಗ