ಶಾಲಾ ವಾಹನಕ್ಕಾಗಿ ದೇಣಿಗೆ ಮನವಿ: ಸೇತುವೆ ಬಂತು, ಶಾಲೆ ಇನ್ನೂ ದೂರ

ಮಾನ್ಯರೇ,

ಸಾಗರ ತಾಲ್ಲೂಕಿನ ಕರೂರು ಹೋಬಳಿಗೆ ಬಂದವರೆಲ್ಲ ಈಗ ಸೇತುವೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡಿದ್ದೇವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದ ಮೇಲೆ, ಅಂಬಾರಗೋಡ್ಲು ದಡದಿಂದ ಕಳಸವಳ್ಳಿಗೆ ದಾಟಲು ನಾವು ಲಾಂಚನ್ನೇ ನಂಬಿದ್ದೆವು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆಚೆ ದಡದಲ್ಲೇ ರಾತ್ರಿ ಕಳೆಯಬೇಕು, ಇಲ್ಲವೇ ಹೊಸನಗರದ ಕಡೆಯಿಂದ ಸುತ್ತಿ ಬರಬೇಕು. 2025ರ ಜುಲೈ 14ರಂದು ಸುಮಾರು 2.4 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾಯಿತು. ಸಾಗರ ಪೇಟೆ ಹತ್ತಿರವಾಯಿತು. ನಮ್ಮ ಶಾಲೆ ಮಾತ್ರ ಮಕ್ಕಳಿಗೆ ಮೊದಲಿನಷ್ಟೇ ದೂರದಲ್ಲಿದೆ.

ಮಲೆನಾಡಿನ ಊರಿನಲ್ಲಿ ಸಾಲುಮನೆಗಳ ಬೀದಿ ಇರುವುದಿಲ್ಲ. ಅಡಿಕೆ ತೋಟದ ತಲೆಯಲ್ಲಿ ಒಂದು ಮನೆ, ಗುಡ್ಡ ಹತ್ತಿ ಇಳಿದರೆ ಮೂರು, ಹಳ್ಳದಾಚೆ ಇನ್ನೆರಡು. ಜನಗಣತಿಯ ಪುಸ್ತಕದಲ್ಲಿ ಇವೆಲ್ಲ ಸೇರಿ ಒಂದು ಗ್ರಾಮ. ರಸ್ತೆ ಕೇಳಲು ಹೋದರೆ ಒಂದೊಂದೂ ಬೇರೆ ಜನವಸತಿ! 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ನಮ್ಮಂಥ ರಾಜ್ಯಗಳಲ್ಲಿ ರಸ್ತೆ ಕೊಡುವುದು 500 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ವಸತಿಗಳಿಗೆ. ಸುತ್ತಲಿನ ಅರ್ಧ ಕಿಲೋಮೀಟರಿನೊಳಗಿನ ಮನೆಗಳನ್ನು ಕೂಡಿಸಿ ಎಣಿಸಬಹುದು ಎಂಬ ಅವಕಾಶವೂ ಅದರಲ್ಲಿದೆ. ನಮ್ಮಲ್ಲಿ ಅರ್ಧ ಕಿಲೋಮೀಟರಿಗೆ ಸಿಗುವುದು ಹೆಚ್ಚೆಂದರೆ ಪಕ್ಕದವರ ತೋಟದ ಬೇಲಿ. ಯೋಜನೆಯ ನಾಲ್ಕನೇ ಹಂತಕ್ಕೂ 2011ರ ಗಣತಿಯೇ ಆಧಾರ. ಹೊಸ ಗಣತಿ 2027ರದು. ಎಷ್ಟು ಸಲ ಎಣಿಸಿದರೂ ಏಳು ಮನೆಯ ಮಜರೆ ಐನೂರು ಮುಟ್ಟುವುದುಂಟೇ?

ಬಸ್ಸಿನ ಕಥೆಯೂ ಹೀಗೆಯೇ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಒಳ್ಳೆಯದೇ. ಆದರೆ ಆ ಬಸ್ಸು ನಿಲ್ಲುವುದು ಮುಖ್ಯರಸ್ತೆಯಲ್ಲಿ. ಒಳದಾರಿಗಳಿಗೆ ಸರ್ಕಾರಿಯೂ ಇಲ್ಲ, ಖಾಸಗಿಯೂ ಇಲ್ಲ.

ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಅರ್ಧಕ್ಕೂ ಹೆಚ್ಚು ಮಕ್ಕಳು ನಡೆದೇ ಬರುತ್ತಾರೆ. ಬೇಸಿಗೆಯಲ್ಲಿ ಅದು ಆಟ. ಜೂನ್ ಕಳೆಯಿತೆಂದರೆ ಹಳ್ಳ ತುಂಬಿ, ಅದನ್ನು ದಾಟಲು ಹಾಕಿದ ಅಡಿಕೆ ದಬ್ಬೆಯ ಕಾಲುಸಂಕ ಜಾರುತ್ತದೆ. ಒಂದನೇ ತರಗತಿಯ ಮಗುವನ್ನು ಅದರ ಮೇಲೆ ಕಳಿಸಲು ಯಾವ ತಾಯಿಗೂ ಧೈರ್ಯ ಬರುವುದಿಲ್ಲ. ಶಾಲೆ ತಲುಪಿದವರು ಮೊದಲು ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕಿತ್ತು, ಆಮೇಲೆ ಪುಸ್ತಕ ತೆಗೆಯುತ್ತಾರೆ. ಅನುಕೂಲವಿದ್ದವರು ಮಕ್ಕಳನ್ನು ಪೇಟೆಯ ನೆಂಟರ ಮನೆಯಲ್ಲಿ ಬಿಡುತ್ತಿದ್ದಾರೆ. ಹಾಜರಿ ಪುಸ್ತಕದಲ್ಲಿ ಹೆಸರು ಕಡಿಮೆಯಾದರೆ ಶಿಕ್ಷಕರ ಹುದ್ದೆಯೂ ಕಡಿಮೆಯಾಗುತ್ತದೆ. ಅಲ್ಲಿಯೂ ತಲೆ ಎಣಿಕೆಯೇ.

ಆದ್ದರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿಂದ ಒಂದು ವ್ಯಾನ್ ಓಡಿಸಬೇಕೆಂದಿದ್ದೇವೆ. ಹೊಸದು ಬೇಡ, ಫಿಟ್‌ನೆಸ್ ಮತ್ತು ವಿಮೆ ಸರಿಯಿರುವ ಹಳೆಯದು ಸಾಕು. ಗಾಡಿ ಹೋಗದ ಕಡೆ ಹಳ್ಳದವರೆಗೆ ಮಕ್ಕಳನ್ನು ಕರೆತರಲು ಪೋಷಕರು ಸರದಿ ಹಾಕಿಕೊಂಡಿದ್ದಾರೆ. ಗಾಡಿ ಕೊಳ್ಳುವುದಕ್ಕಿಂತ ಅದನ್ನು ನಿಲ್ಲಿಸದೆ ಓಡಿಸುವುದೇ ಕಷ್ಟವೆಂದು ನಮಗೆ ಗೊತ್ತು. ಹಾಗಾಗಿ ದೊಡ್ಡ ಮೊತ್ತವನ್ನು ಒಮ್ಮೆ ಕೊಟ್ಟು ಮರೆಯುವವರಿಗಿಂತ, ತಿಂಗಳಿಗೆ 300 ರೂಪಾಯಿಯನ್ನು ವರ್ಷಪೂರ್ತಿ ಕೊಡುವವರನ್ನು ಹೆಚ್ಚು ಹುಡುಕುತ್ತಿದ್ದೇವೆ. ಆ ಹಣ ಡೀಸೆಲ್‌ಗೆ, ಚಾಲಕರ ಸಂಬಳಕ್ಕೆ ಹೋಗುತ್ತದೆ.

ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಹಳೆಯ ವಿದ್ಯಾರ್ಥಿಗಳಿಗೆ ಆ ಕಾಲುಸಂಕ ನೆನಪಿದ್ದೇ ಇರುತ್ತದೆ. ನಗದು ಬೇಡ, ಸಮಿತಿಯ ಜಂಟಿ ಖಾತೆಗೆ ಜಮೆ ಮಾಡಿ, ರಸೀದಿ ಕೇಳಿ ಪಡೆಯಿರಿ. ತೆರಿಗೆ ವಿನಾಯಿತಿಯ ಪ್ರಮಾಣಪತ್ರ ನಮ್ಮಲ್ಲಿಲ್ಲ, ಇದನ್ನು ಮೊದಲೇ ತಿಳಿಸುತ್ತಿದ್ದೇವೆ. ಪ್ರತಿ ತಿಂಗಳ ಜಮಾ-ಖರ್ಚನ್ನು ಶಾಲೆಯ ಗೋಡೆಗೆ ಹಚ್ಚುತ್ತೇವೆ. ಊರಿಗೆ ಬಂದಾಗ ನೋಡಿ, ತಪ್ಪಿದ್ದರೆ ಜಗಳ ತೆಗೆಯಿರಿ. ಹಣ ಕೊಡಲಾಗದವರು ಮಳೆಗಾಲಕ್ಕೆ ಎರಡು ಕೊಡೆ ಕಳಿಸಿದರೂ ಆಗುತ್ತದೆ. ವ್ಯಾನ್ ಬಂದ ಮೇಲೂ ಹಳ್ಳದವರೆಗೆ ನಡೆಯುವುದು ಇದ್ದೇ ಇದೆ.

ಇತಿ,
ಅಧ್ಯಕ್ಷರು ಮತ್ತು ಸದಸ್ಯರು,
ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ